ಸಕ್ರೆ ಡಬ್ಬ, ಕೇರಂ ಪೌಡರ್ ಮತ್ತು ಸೀಬೆ ಮರ

ಜೂನಲ್ಲಿ ಮಳೆ ಹಿಡ್ಕೊಂಡ್ರೆ ಸಾಕು, ಹಾಸನದ ನಮ್ಮನೇಲಿ ಜನಕ್ಕಿಂತ ಇರುವೇನೇ ಜಾಸ್ತಿ. ಹೊರಗಡೆ ಅವುಗಳ ಗೂಡಿಗೆ ನೀರು ನುಗ್ಗುತ್ತೆ, ಮೊಟ್ಟೆ ಮರಿ ಎಲ್ಲಾ ಕಚ್ಕೊಂಡು ಒಣಗಿರೋ ಜಾಗ ಹುಡ್ಕ್ತವೆ, ಆ ಒಣಗಿರೋ ಜಾಗ ನಮ್ಮ ಅಡುಗೆಮನೆ. ಹೋದ ವರ್ಷ ಒಂದಿನ ಬೆಳಗ್ಗೆ ಕಾಫಿಗೆ ಸಕ್ರೆ ಹಾಕ್ಕೊಂಡು ಒಂದು ಗುಟುಕು ಕುಡಿದ್ಮೇಲೆ ನೋಡ್ತೀನಿ, ಲೋಟದಲ್ಲಿ ಹತ್ತಿಪ್ಪತ್ತು ತೇಲ್ತಾ ಇದಾವೆ. ಅತ್ತೆ ಮಾತ್ರ ಆರಾಮಾಗಿ, "ಕುಡಿಯಮ್ಮ, ಇರುವೆ ತಿಂದ್ರೆ ಕಣ್ಣು ಚೆನ್ನಾಗಿ ಕಾಣ್ಸುತ್ತೆ" ಅಂದ್ರು. ಅವರು ಹಾಕ್ಕೊಂಡಿರೋ ಕನ್ನಡಕದ ನಂಬರ್ ಎಷ್ಟು ಅಂತ ನಾನು ಕೇಳೋಕೆ ಹೋಗ್ಲಿಲ್ಲ.

ನಾನು ಇರುವೆಗೆ ಹೆದರೋಳಲ್ಲ. ನನ್ನ ತವರು ಸಕಲೇಶಪುರದ ಕಡೆ, ಕಾಫಿ ತೋಟದಲ್ಲಿ ಚಗಳಿ ಕೈಲಿ ಕಚ್ಚಿಸ್ಕೊಂಡು ಬೆಳೆದೋಳು. ಎಲೆ ಎಲೆ ಹೊಲ್ಕೊಂಡು ಗೂಡು ಕಟ್ಟೋ ಆ ಕೆಂಪು ಚಗಳಿ ಹಣ್ಣು ಕುಯ್ಯೋವಾಗ ಕುತ್ತಿಗೆ ಮೇಲೆ ಬಿದ್ರೆ ಕುಣಿಯೋ ಹಾಗಾಗುತ್ತೆ, ಆದ್ರೆ ಅದೇ ಗೂಡು ತಂದು ಖಾರವಾಗಿ ಚಟ್ನಿ ಅರೆದ್ರೆ ಆ ಹುಳಿಗೆ ಸಮಾನ ಇಲ್ಲ. (ಒಡಿಶಾದವರು ಅವರ ಕೆಂಪಿರುವೆ ಚಟ್ನಿಗೆ, ಅಲ್ಲಿ ಅದನ್ನ 'ಕಾಯಿ ಚಟ್ನಿ' ಅಂತಾರೆ, 2024ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ನಮ್ಮೂರಿಂದು ಅನ್ನೋ ಸರ್ಕಾರಿ ಗುರುತು, ತಗೊಂಡ್ರು, ನಾವು ಮಾತ್ರ ಸುಮ್ನೆ ತಿಂದ್ಕೊಂಡು ಕೂತಿದೀವಿ.) ಆದ್ರೆ ಚಗಳಿ ಮರದಲ್ಲಿರುತ್ತೆ, ಸಕ್ರೆ ಡಬ್ಬಕ್ಕೆ ಬರಲ್ಲ. ಈ ಅಡುಗೆಮನೆ ಇರುವೆ ಚಟ್ನಿಗೂ ಆಗಲ್ಲ.

ಮಾಡದೇ ಇರೋದು ಯಾವ್ದೂ ಇಲ್ಲ. ಅರಿಶಿನ ಉದುರ್ಸಿದೆ, ಅದನ್ನ ಬಳಸ್ಕೊಂಡು ಪಕ್ಕದಲ್ಲೇ ಹೋದ್ವು. ಇರುವೆ ಚಾಕ್‌ಪೀಸಲ್ಲಿ ಗೆರೆ ಎಳೆದೆ, ಎರಡು ದಿನ ತಣ್ಣಗಿತ್ತು, ಮೂರನೇ ದಿನ ನೆಲ ಒರೆಸಿದ್ಮೇಲೆ ಮತ್ತೆ ಶುರು. ಆ ಚಾಕ್‌ಪೀಸೂ ಕೀಟನಾಶಕನೇ, ನಮ್ಮ ಮಗ ಅದ್ರಲ್ಲೇ ಸ್ಲೇಟ್ ಮೇಲೆ ಅ ಆ ಬರೆಯೋಕೆ ಕೂತಿದ್ದ, ಅವತ್ತೇ ಕಸಕ್ಕೆ ಹಾಕ್ದೆ. ಮಾವ "ಮೊದ್ಲೆಲ್ಲಾ ಗ್ಯಾಮಾಕ್ಸಿನ್ ಪುಡಿ ಚೆಲ್ತಿದ್ವಿ, ಒಂದೇ ದಿನಕ್ಕೆ ಕ್ಲೀನ್" ಅಂತ ಇವತ್ತಿಗೂ ಹೇಳ್ತಾರೆ, ಅದು ಬಿಎಚ್‌ಸಿ ಅನ್ನೋ ಕೀಟನಾಶಕ ಮಾವ, 1997ರಲ್ಲೇ ಬ್ಯಾನ್ ಆಗಿದೆ ಅಂದ್ರೆ "ಅದಕ್ಕೇ ಇರುವೆ ಜಾಸ್ತಿ ಆಗಿರೋದು" ಅಂತಾರೆ.

ಒಂದು ಮಧ್ಯಾಹ್ನ ಕರೆಂಟ್ ಇರ್ಲಿಲ್ಲ, ಸುಮ್ನೆ ಕೂತು ಆ ಸಾಲಿಗೆ ಅಡ್ಡ ಬೆರಳು ಎಳೆದೆ. ಮುಂದಿದ್ದಿದ್ದು ಬೆರಳಾಡಿಸಿದ ಜಾಗಕ್ಕೆ ಬಂದು ಗಕ್ಕನೆ ನಿಂತ್ತು, ಮೀಸೆ ಆಡಿಸ್ತು, ಹಿಂದಿನವೆಲ್ಲಾ ಬಂದು ಗುಂಪಾಗಿ ಡಿಕ್ಕಿ ಹೊಡ್ಕೊಂಡ್ವು, ಆಮೇಲೆ ಒಂದು ಧೈರ್ಯ ಮಾಡಿ ದಾಟ್ತು ನೋಡಿ, ಐದು ನಿಮಿಷದಲ್ಲಿ ಸಾಲು ಮೊದಲಿನ ಹಾಗೇ. ಅವು ಹೋಗೋದು ಕಣ್ಣಲ್ಲಿ ನೋಡ್ಕೊಂಡಲ್ಲ, ಮುಂದಿನವು ನೆಲಕ್ಕೆ ಸವರಿಟ್ಟ ವಾಸನೆ ಹಿಡ್ಕೊಂಡು. ಅದಕ್ಕೇ ಸೋಪ್ ನೀರಲ್ಲಿ ದಾರಿ ಉದ್ದಕ್ಕೂ ಒರೆಸ್ಬೇಕು, ಬರೀ ಪೊರಕೇಲಿ ಗುಡಿಸಿದ್ರೆ ಆ ವಾಸನೆ ಎಲ್ಲಿ ಹೋಗುತ್ತೆ. ಇನ್ನೂ ಒಂದು, ನಮಗೆ ಕಾಣ್ಸೋವು ಬರೀ ಊಟ ತರೋಕೆ ಬಂದವು, ರಾಣಿ ಗೂಡಲ್ಲೇ ಕೂತು ಮೊಟ್ಟೆ ಇಡ್ತಾ ಇರ್ತಾಳೆ, ಇಲ್ಲಿ ನೂರು ಸಾಯ್ಸಿದ್ರೆ ಅಲ್ಲಿಂದ ಇನ್ನೂರು ಬರ್ತವೆ.

ಹಾಗಾಗಿ ವಿಷಾನ ಅವುಗಳ ಕೈಲೇ ಮನೆಗೆ ಕಳ್ಸೋದು ಅಂತ ಮಾಡ್ದೆ. ಬೋರಿಕ್ ಪೌಡರ್, ಅದೇ ಕೇರಂ ಬೋರ್ಡ್ ಮೇಲೆ ಹಾಕ್ತೀವಲ್ಲ ಅದು. ಒಂದು ಕಪ್ ಬೆಚ್ಚಗಿನ ನೀರಿಗೆ ಎಂಟು ಟೀ ಚಮಚ ಸಕ್ರೆ, ಅರ್ಧ ಚಮಚ ಪೌಡರ್, ಹತ್ತಿ ಅದ್ದಿ ಹಳೇ ಬಾಟ್ಲಿ ಮುಚ್ಚಳದಲ್ಲಿಟ್ಟು ಸಾಲಿನ ಪಕ್ಕ ಇಟ್ಟೆ. ಪೌಡರ್ ಜಾಸ್ತಿ ಹಾಕ್ಬಾರ್ದು, ಜಾಸ್ತಿ ಆದ್ರೆ ದಾರೀಲೇ ಸಾಯ್ತವೆ, ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಹಂಚೋಷ್ಟು ಹೊತ್ತು ಬದುಕಿರ್ಬೇಕು. ಮಕ್ಕಳು, ನಾಯಿ ಬೆಕ್ಕು ಇರೋ ಮನೇಲಿ ಕೈಗೆ ಸಿಗದ ಕಡೆ ಇಡಿ, ನಾನು ಸಿಂಕ್ ಕೆಳಗೆ ಬಾಗಿಲು ಹಾಕಿಟ್ಟಿದ್ದೆ. ಮೊದಲ ದಿನ ಮುಚ್ಚಳದ ಸುತ್ತ ಇರುವೆ ಜಾತ್ರೆ. "ಸಕ್ರೆ ಇಟ್ಟು ಇರುವೇನ ಕರೀತಾರೇನೆ ಯಾರಾದ್ರೂ?" ಅಂತ ಅತ್ತೆ ಎರಡು ಸಲ ತೆಗೆಯೋಕೆ ಬಂದ್ರು, ಎರಡು ಸಲವೂ ಅಡ್ಡ ನಿಂತೆ, ಆಗ ಮಾತ್ರ ಸೋಪ್ ನೀರೂ ಮುಟ್ಬಾರ್ದು, ದಾರಿ ಕಟ್ಟಾದ್ರೆ ಮುಚ್ಚಳಕ್ಕೆ ಯಾರು ಬರ್ತಾರೆ. ನಾಲ್ಕನೇ ದಿನಕ್ಕೆ ಸಾಲು ತೆಳ್ಳಗಾಯ್ತು, ಒಂದು ವಾರಕ್ಕೆ ಅಡುಗೆಮನೇಲಿ ಒಂದೂ ಇಲ್ಲ.

ಬೀಗೋಣ ಅನ್ನೋಷ್ಟರಲ್ಲಿ ಹಾಲ್ ರೂಮಲ್ಲಿ ಶುರು! ಟಿವಿ ಹಿಂದಿನ ಸ್ವಿಚ್ ಬೋರ್ಡಿಂದ ಕಪ್ಪಿರುವೆ ಸಾಲು. ಕಿಟಕಿ, ಬಾಗಿಲ ಸಂದಿ ಎಲ್ಲಾ ನೋಡಿದ್ರೂ ಸಿಗ್ಲಿಲ್ಲ, ಕೊನೆಗೆ ಹೊರಗಡೆ ಹೋಗಿ ನೋಡಿದ್ರೆ ಸೀಬೆ ಮರದ ಕೊಂಬೆ ಇಂಟರ್ನೆಟ್ ಕೇಬಲ್ಲಿಗೆ ಒರಗಿದೆ, ಅದ್ರ ಮೇಲೆ ಒಂದರ ಹಿಂದೆ ಒಂದು ಒಳಗೆ ಬರ್ತಾ ಇದಾವೆ. ಕೊಂಬೆ ತುಂಬಾ ಬಿಳಿ ಹತ್ತಿ ಥರ ಹಿಟ್ಟು ತಿಗಣೆ, ಅದು ಬಿಡೋ ಸಿಹಿ ರಸಕ್ಕೆ ಇರುವೆಗಳು ಅದನ್ನ ದನ ಕಾದ ಹಾಗೆ ಕಾಯ್ತವೆ. ಅಪ್ಪನ ತೋಟದಲ್ಲೂ ಕಾಫಿ ಗಿಡಕ್ಕೆ ಇದೇ ಕಾಟ.

ಕೊಂಬೆ ಕಡೀರಿ ಅಂದ್ರೆ ನಮ್ಮೆಜಮಾನ್ರು "ಪೀಚು ಬಿಟ್ಟಿದೆ, ಹಣ್ಣಾಗೋವರ್ಗೂ ಬಿಡು" ಅಂದ್ರು. ಸರಿ ಅಂತ ಕೇಬಲ್ಲಿಗೆ ಬಟ್ಟೆ ಸುತ್ತಿ ಮೇಲೆ ಗ್ರೀಸ್ ಬಳಿದೆ, ಅದನ್ನ ದಾಟೋಕೆ ಇರುವೆ ಕೈಲಿ ಆಗ್ಲಿಲ್ಲ. ಭಾನುವಾರ ಇವ್ರು ನೆಟ್ ಬರ್ತಿಲ್ಲ ಅಂತ ಮದುವೆಗೆ ಹೊರಟ ಬಿಳಿ ಶರ್ಟಲ್ಲೇ ಹೋಗಿ ಆ ಕೇಬಲ್ ಹಿಡಿದು ಅಲ್ಲಾಡಿಸಿದ್ದಾರೆ. ಸೋಮವಾರ ಕೊಂಬೆ ಕಡಿದಾಯ್ತು.