ನೀರು ಹಾಕುವ ಮೊದಲು ಚಟ್ಟಿ ಎತ್ತಿ ನೋಡಿ

ಮಂಗಳೂರಿನ ಆಫೀಸುಗಳ ಗಿಡ ನೋಡಿಕೊಳ್ಳುವ ನಮಗೆ ಮಳೆಗಾಲದಲ್ಲಿ ಬರುವ ಫೋನೆಲ್ಲ ಹೆಚ್ಚುಕಡಿಮೆ ಒಂದೇ: "ಗಿಡ ಬಾಡ್ತಾ ಉಂಟು, ದಿನಾ ನೀರು ಹಾಕ್ತಾ ಇದ್ದೇವೆ." ರೋಗ ಇರುವುದು ಆ ಮಾತಿನ ಎರಡನೇ ಅರ್ಧದಲ್ಲಿ.

ನೀರು ಕಡಿಮೆಯಾದರೂ ಎಲೆ ಜೋಲುತ್ತದೆ, ಹೆಚ್ಚಾದರೂ ಜೋಲುತ್ತದೆ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಗೆ ಜಾಗವಿಲ್ಲ. ಉಸಿರುಕಟ್ಟಿದ ಬೇರು ನೀರೆಳೆಯುವುದನ್ನು ನಿಲ್ಲಿಸುತ್ತದೆ, ಆಮೇಲೆ ಕೊಳೆಯುತ್ತದೆ. ಹಾಗಾಗಿ ಎಲೆ ನೋಡಿ ತೀರ್ಮಾನಿಸಬೇಡಿ, ಚಟ್ಟಿ ಎತ್ತಿ. 8 ಇಂಚಿನ ಚಟ್ಟಿ ಒಣಗಿದಾಗಲೂ ನೆನೆದಾಗಲೂ ಇರುವ ತೂಕದಲ್ಲಿ ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸ. ನಾಲ್ಕು ದಿನದಲ್ಲಿ ಕೈಗೆ ಗೊತ್ತಾಗುತ್ತದೆ. ಸಂಶಯವಿದ್ದರೆ ಹಿಡಿಸೂಡಿಯ (ಕಡ್ಡಿ ಪೊರಕೆಯ) ದಪ್ಪ ಕಡ್ಡಿಯೊಂದನ್ನು ತಳದವರೆಗೆ ಚುಚ್ಚಿ, 5 ನಿಮಿಷ ಬಿಟ್ಟು ಎಳೆಯಿರಿ. ಕಡ್ಡಿಯ ತುದಿ ಒದ್ದೆಯಾಗಿದ್ದರೆ ತಳದಲ್ಲಿ ನೀರಿದೆ. ಎಸಿ ಕೋಣೆಯಲ್ಲಿ ಮೇಲಿನ ಒಂದಿಂಚು ಒಣಗಿದ್ದು ತಳ ಕೆಸರಾಗಿರುವುದು ಸಾಮಾನ್ಯ.

ಚಟ್ಟಿ ಹಗುರವಿದ್ದರೆ ಸುಲಭ. ಪೂರ್ತಿ ಒಣಗಿದ ಮಣ್ಣು ಅಂಚಿನಿಂದ ಬಿಟ್ಟುಕೊಂಡಿರುತ್ತದೆ. ಮೇಲಿನಿಂದ ಹಾಕಿದ ನೀರು ಆ ಸಂದಿನಲ್ಲೇ ಜಾರಿ ತೂತಿನಿಂದ ಹೊರಬರುತ್ತದೆ, ನಡುವಿನ ಬೇರಿಗೆ ಹನಿಯೂ ಸಿಗುವುದಿಲ್ಲ. ಬಕೆಟ್ಟಿನಲ್ಲಿ ಚಟ್ಟಿಯ ಅರ್ಧದೆತ್ತರಕ್ಕೆ ನೀರು ತುಂಬಿಸಿ, 30 ನಿಮಿಷ ಇಳಿಸಿಡಿ. ಮೇಲ್ಮಣ್ಣು ತೇವವಾದ ಮೇಲೆ ತೆಗೆದು ಬಸಿಯಲು ಬಿಡಿ. ಪೀಸ್ ಲಿಲಿ ಸಂಜೆಯೊಳಗೆ ಎದ್ದು ನಿಲ್ಲುತ್ತದೆ.

ಭಾರವಿದ್ದರೆ ಗಿಡವನ್ನು ಮಣ್ಣಿನ ಗಡ್ಡೆಯ ಸಮೇತ ಹೊರಗೆಳೆಯಿರಿ. ಒಳ್ಳೆಯ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದೆಳೆದರೆ ಕಂದು ಸಿಪ್ಪೆ ಕಳಚಿ ಕೈಗೆ ಬರುತ್ತದೆ, ನಡುವಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ. ಜೊತೆಗೆ ಚರಂಡಿ ವಾಸನೆ. ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಬಿಳಿ ಭಾಗ ಸಿಗುವವರೆಗೆ ಕತ್ತರಿಸಿ. ಅರ್ಧ ಬೇರು ಹೋಗಿದ್ದರೆ ಎಲೆಯಲ್ಲೂ ಮೂರನೇ ಒಂದು ಪಾಲು ತೆಗೆಯಿರಿ, ಉಳಿದ ಬೇರು ಅಷ್ಟನ್ನೆಲ್ಲ ಸಾಕಲಾರದು.

ಹೊಸ ಚಟ್ಟಿ ದೊಡ್ಡದಿರಬೇಕೆಂಬುದು ತಪ್ಪು. ಉಳಿದ ಬೇರಿನ ಸುತ್ತ ಒಂದಿಂಚು ಜಾಗ ಸಾಕು. ಹೆಚ್ಚಿನ ಮಣ್ಣು ಬೇರು ಕುಡಿಯಲಾಗದ ನೀರನ್ನು ಹಿಡಿದಿಡುತ್ತದೆ ಅಷ್ಟೆ. ತುಂಬುವ ಮಿಶ್ರಣಕ್ಕೆ 2 ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಜರಡಿ ಹಿಡಿದ ಕೆಂಪು ಮಣ್ಣು, ಕಾಂಪೋಸ್ಟ್, ಇದ್ದಿಲ ಚೂರು ತಲಾ 1 ಪಾಲು. ಕೋಕೋಪೀಟ್‌ನಲ್ಲಿ ಉಪ್ಪಿರುತ್ತದೆ, ಎರಡು ಸಲ ತೊಳೆದು ಹಿಂಡಿ. ತಳದಲ್ಲಿ ಜಲ್ಲಿ ಹಾಕುವ ಅಭ್ಯಾಸ ಬಿಡಿ, ನೀರು ಜಲ್ಲಿಯ ಮೇಲಿನ ಮಣ್ಣಲ್ಲೇ ನಿಲ್ಲುತ್ತದೆ. ನೆಟ್ಟ ದಿನ ಒಮ್ಮೆ ನೀರು ಕೊಡಿ, ಹೊಸ ಚಿಗುರು ಬರುವವರೆಗೆ ಗೊಬ್ಬರ ಬೇಡ.

ಔಷಧಿ? ಅಡಿಕೆ ತೋಟದವರು ಕೇಳುವುದು ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ. ಬೇರು ಕೊಳೆಸುವ ಪಿಥಿಯಮ್, ಫೈಟೋಫ್ತೊರಾ ಎಂಬ ಬೂಷ್ಟಿನಂಥ ಸೂಕ್ಷ್ಮಜೀವಿಗಳು ಅಡಿಕೆಯ ಕೊಳೆರೋಗದ ಬಳಗವೇ ಹೌದು. ಆದರೆ ಬೋರ್ಡೋ ರೋಗ ಬರುವ ಮೊದಲಿನ ರಕ್ಷಣೆ, ಸತ್ತ ಬೇರನ್ನು ಬದುಕಿಸದು. ಆಫೀಸಿನ ಗೋಡೆಗೆ ನೀಲಿ ಕಲೆ ಬೇರೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕ ಈ ಬಳಗದ ಮೇಲೆ ಕೆಲಸವೇ ಮಾಡುವುದಿಲ್ಲ.

ಬೇರು ಬೆಳ್ಳಗಿದ್ದು, ಮಣ್ಣೂ ಹದವಾಗಿದ್ದು ಎಲೆ ಜೋಲಿದರೆ ಎಸಿಯ ಗಾಳಿ ನೇರ ಬೀಳುತ್ತದೆಯೇ, ಪಡುವಣ ಗಾಜಿನ ಬಿಸಿಲು ತಾಗುತ್ತದೆಯೇ ನೋಡಿ. ಕಡಲ ಬದಿಯ ಬಾವಿ ನೀರು ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗುವುದೂ ಉಂಟು. ಚಟ್ಟಿಯ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ, ಚಟ್ಟಿಯ ಮೂರು ಪಟ್ಟು ಸಿಹಿನೀರನ್ನು ನಿಧಾನವಾಗಿ ಹರಿಸಿ ಬಸಿದುಬಿಡಿ.

ಅಂದದ ಹೊರಚಟ್ಟಿಯ ತಳದಲ್ಲಿ ನಿಂತ ನೀರನ್ನು ಪ್ರತಿ ಸಲ ಚೆಲ್ಲಿ. ಮಲೇರಿಯಾ ಕಂಡ ಊರಿಗೆ ಸೊಳ್ಳೆಯ ವಿಷಯ ಬೇರೆ ಹೇಳಬೇಕಿಲ್ಲ. ಇನ್ನೊಂದು, ಒಂದೇ ಗಿಡಕ್ಕೆ ಗುಡಿಸುವವರೂ ವಾಚ್‌ಮ್ಯಾನೂ ಮೇಜಿನವರೂ ನೀರು ಹಾಕುತ್ತಿರುತ್ತಾರೆ, ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಚಟ್ಟಿಗೊಂದು ಚೀಟಿ ಕಟ್ಟಿ: ಒಬ್ಬರ ಹೆಸರು, ಕೊನೆಯ ಸಲ ನೀರು ಹಾಕಿದ ತಾರೀಕು.