ವಾಚನಾಲಯದಲ್ಲಿ ಪಂಚಾಯತ್ ಕಪಾಟು: ಈ ಮಳೆಗಾಲದಿಂದ ಈಚೆಗಿನ ಕೆಲಸ

ಕಳೆದ ಸಲ ಬರೆದದ್ದು ಮಾಡಿನ ಹಂಚು ಬದಲಾಯಿಸಿದ ಸುದ್ದಿ. ಈ ಸಲ ಪಂಚಾಯತಿನ ಕಾಗದಪತ್ರ ಇಟ್ಟ ಕಪಾಟಿನದ್ದು.

ಹೊಸಬರಿಗಾಗಿ ಎರಡು ಮಾತು. ಸೀತಾ, ಸ್ವರ್ಣಾ ನದಿಗಳು ಕೋಡಿಬೇಂಗ್ರೆಯಲ್ಲಿ ಕಡಲು ಸೇರುತ್ತವಲ್ಲ, ಅದಕ್ಕಿಂತ ಸ್ವಲ್ಪ ಮೇಲಿನ ಹೊಳೆಬದಿಯ ಊರು ನಮ್ಮದು. ಯುವಕ ಮಂಡಲದ ಕಟ್ಟಡದ ಮುಂದಿನ ಕೋಣೆಯೇ ವಾಚನಾಲಯ. ಪಂಚಾಯತ್ ಕಚೇರಿಯ ಬಳಿ ಸರಕಾರದ ಅರಿವು ಕೇಂದ್ರ, ಅಂದರೆ ಗ್ರಾಮ ಪಂಚಾಯತ್ ಗ್ರಂಥಾಲಯ, ಬೇರೆ ಉಂಟು. ‘ಅದು ಇರುವಾಗ ಇದೆಂತಕ್ಕೆ ಮಾರಾಯ್ರೆ’ ಎಂದು ಕೇಳುವವರಿಗೆ ಈಗಲೂ ಬರಗಾಲವಿಲ್ಲ. 2019ರಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಮೇಲೆ ಸುಧಾರಣೆ ಆದದ್ದು ನಿಜ. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವೂ ಸಿಕ್ಕಿತು. ನಮ್ಮ ಮಕ್ಕಳೂ ಅಲ್ಲಿಗೆ ಹೋಗುತ್ತಾರೆ, ಹೋಗಲಿ. ಆದರೆ ಯಾವ ಪುಸ್ತಕ ತರಬೇಕು, ಬಾಗಿಲು ಎಷ್ಟು ಹೊತ್ತಿಗೆ ತೆರೆಯಬೇಕು ಎಂದು ಅಲ್ಲಿ ಓದುಗರು ತೀರ್ಮಾನಿಸುವುದಿಲ್ಲ. ಇಲ್ಲಿ ತೀರ್ಮಾನಿಸುತ್ತಾರೆ, ಜಗಳ ಮಾಡಿಯೇ ತೀರ್ಮಾನಿಸುತ್ತಾರೆ.

ಕೇರಳದವರಿಗೆ ಇದೇನೂ ಹೊಸತಲ್ಲ. 1945ರಲ್ಲಿ ಪಿ.ಎನ್. ಪಣಿಕ್ಕರ್ ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಸೇರಿಸಿ ಸಂಘ ಕಟ್ಟಿದರು. 1989ರ ಕಾಯ್ದೆ ಬಂದ ಮೇಲೆ ಅಲ್ಲಿ ಲೈಬ್ರರಿ ಕೌನ್ಸಿಲ್ ಆಯಿತು. ಊರವರೇ ನಡೆಸುವ ಗ್ರಂಥಾಲಯಗಳಿಂದ ಪ್ರತಿನಿಧಿಗಳು ಆಯ್ಕೆಯಾಗಿ ಮೇಲಿನ ಹಂತಕ್ಕೆ ಹೋಗುತ್ತಾರೆ. ನಮ್ಮ 1965ರ ಕಾಯ್ದೆ ಆ ದಾರಿ ಹಿಡಿಯಲಿಲ್ಲ. ಮನೆ ತೆರಿಗೆಯ ಜತೆ ಗ್ರಂಥಾಲಯ ಕರ ಕಟ್ಟುತ್ತೇವೆ, ಅಷ್ಟಕ್ಕೇ ನಮ್ಮ ಸಂಬಂಧ ಮುಗಿಯಿತು.

ಜೂನ್, ಜುಲೈ

ಬೂಷ್ಟಿನ ಕಾಲ. ಕಪಾಟಿನೊಳಗೆ ಹಳೆಯ ಬಲ್ಬು ಉರಿಸಿಟ್ಟು, ನುಸಿಗುಳಿಗೆ ಹಾಕಿ, ಹೇಗೋ ದಿನ ದೂಡಿದೆವು.

ಹೊಸ ಪುಸ್ತಕಕ್ಕೆ ಇಟ್ಟ ಹಣ ಯಾವುದಕ್ಕೆ ಖರ್ಚು ಮಾಡುವುದು ಎಂಬುದರಲ್ಲಿ ಎರಡು ಪಂಗಡವಾಯಿತು. ಹಿರಿಯರಿಗೆ ಯಕ್ಷಗಾನ ಪ್ರಸಂಗ ಪುಸ್ತಕಗಳು ಬೇಕು, ಕಾಲೇಜು ಮುಗಿಸಿದವರಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು. ಗುಪ್ತ ಮತದಾನಕ್ಕೆ ಹಾಕಿದೆವು, ಗೈಡಿನವರು ಗೆದ್ದರು. ಪ್ರಸಂಗದವರು ಮುನಿಸಿಕೊಂಡು ಎದ್ದುಹೋದದ್ದೂ ಆಯಿತು, ಮರುವಾರ ತಾವೇ ವಂತಿಗೆ ಎತ್ತಿ ಪ್ರಸಂಗ ಪುಸ್ತಕದ ಕಟ್ಟು ತಂದು ಮೇಜಿನ ಮೇಲೆ ಇಟ್ಟದ್ದೂ ಆಯಿತು. ಸೋತವರು ಹೀಗೆ ಸೋಲುವುದಾದರೆ ವರ್ಷಕ್ಕೊಂದು ಮತದಾನ ಸಾಲದು ಎಂದು ನನಗೆ ಅನ್ನಿಸಿತು.

ಆಗಸ್ಟ್

ಕಿಟಕಿ ಬದಿಯ ಕಪಾಟು ಖಾಲಿ ಮಾಡಿ ಪಂಚಾಯತ್ ಕಾಗದಗಳಿಗೆ ಬಿಟ್ಟುಕೊಟ್ಟೆವು. ಬಜೆಟ್, ಕ್ರಿಯಾ ಯೋಜನೆ, ಹಿಂದಿನ ಗ್ರಾಮಸಭೆಯ ನಡಾವಳಿ, ಇಷ್ಟು ಇದ್ದರೆ ಶುರು ಮಾಡಲು ಸಾಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಇಂಥ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಜೆಟ್ ಪ್ರತಿಯನ್ನು ಮಾತಿಲ್ಲದೆ ಕೊಟ್ಟರು. ಉಳಿದದ್ದಕ್ಕೆ ಹತ್ತು ರೂಪಾಯಿಯ ಅರ್ಜಿ ಹಾಕಬೇಕಾಯಿತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಪಿಯುಸಿ ಓದುವ ಹುಡುಗಿಯೊಬ್ಬಳು ಬರೆದ ಮೊದಲ ಕರಡು ಎರಡು ಪುಟ ಇತ್ತು. ನಿವೃತ್ತ ಮಾಸ್ಟ್ರು ಕೆಂಪು ಶಾಯಿ ಹಿಡಿದು ಕೂತರು. ‘ಮಾನ್ಯರೇ, ತಮ್ಮ ಸನ್ನಿಧಾನದಲ್ಲಿ’ ಎಂಬಲ್ಲಿಂದಲೇ ಹೊಡೆಯಲು ಶುರುಮಾಡಿ, ಕೊನೆಗೆ ನಾಲ್ಕು ವಾಕ್ಯ ಉಳಿಸಿದರು. ಉತ್ತರ ಅವಧಿಯೊಳಗೇ ಬಂತು.

ಒಂದು ತಿಂಗಳು ಆ ಕಪಾಟನ್ನು ಯಾರೂ ಮುಟ್ಟಲಿಲ್ಲ.

ಸೆಪ್ಟೆಂಬರ್

ಮುಟ್ಟದಿರಲು ಕಾರಣ ಸರಳ. ಕ್ರಿಯಾ ಯೋಜನೆ ಎಂದರೆ ಕಾಮಗಾರಿಯ ಹೆಸರು, ಅನುದಾನದ ಶೀರ್ಷಿಕೆ, ಮೊತ್ತ, ಅಷ್ಟೆ. ಒಬ್ಬರೇ ಕೂತು ಓದುವ ವಸ್ತು ಅದಲ್ಲ. ಕಣ್ಣೂರಿನ ಬೀಡಿ ಕಾರ್ಮಿಕರು ಕೆಲಸ ಮಾಡುತ್ತಿರುವಾಗ ಒಬ್ಬರು ಪತ್ರಿಕೆ ಓದಿ ಹೇಳುತ್ತಿದ್ದರಂತೆ ಎಂದು ಮಾಸ್ಟ್ರು ನೆನಪಿಸಿದರು. ನಮ್ಮಲ್ಲೂ ಬೀಡಿ ಕಟ್ಟುವ ಅಕ್ಕಂದಿರು ಉಂಟಲ್ಲ. ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬರುವ ದಾರಿಯಲ್ಲೇ ವಾಚನಾಲಯ. ‘ಗೆರಸೆ ಹಿಡಿದುಕೊಂಡು ಜಗಲಿಗೇ ಬನ್ನಿ ಅಕ್ಕ, ಕೈಗೆ ಕೆಲಸ, ಕಿವಿಗೆ ಓದು’ ಎಂದು ಕರೆದೆವು.

ಹುಡುಗಿ ಕಾಗದವನ್ನು ಕನ್ನಡದಲ್ಲಿ ಓದಿದಳು, ಅರ್ಥವನ್ನು ತುಳುವಿನಲ್ಲಿ ಹೇಳಿದಳು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಹೋಗಬೇಕು ಎಂಬಲ್ಲಿಗೆ ಬಂದಾಗ ಒಬ್ಬ ಅಕ್ಕನ ಕೈ ನಿಂತಿತು. ‘ನಮ್ಮ ಬಾವಿ ಉಪ್ಪಾದದ್ದು ಯಾವ ಪುಟದಲ್ಲಿ ಉಂಟು, ಹೇಳು ಮಗಾ.’

ಯಾವ ಪುಟದಲ್ಲೂ ಇರಲಿಲ್ಲ. ಅಲ್ಲಿಂದ ಮುಂದಿನ ಕೆಲಸವೆಲ್ಲ ಆ ಪ್ರಶ್ನೆಯ ಹಿಂದೆಯೇ ಹೋಯಿತು.

ಅಕ್ಟೋಬರ್

ಹೊಳೆಬದಿಯವರಿಗೆ ವಿವರಿಸಬೇಕಾಗಿಲ್ಲ, ಘಟ್ಟದ ಮೇಲಿನವರಿಗೆ ಹೇಳುತ್ತೇನೆ. ಮಳೆ ನಿಂತು ತೋಡಿನ ಹರಿವು ಇಳಿದ ಮೇಲೆ ಉಬ್ಬರದ ಹೊತ್ತಿಗೆ ಉಪ್ಪುನೀರು ಒಳಗೆ ನುಗ್ಗುತ್ತದೆ. ಅದನ್ನು ತಡೆಯಲು ಕಿಂಡಿ ಅಣೆಕಟ್ಟು ಉಂಟು, ಅದರ ಕಿಂಡಿಗಳಿಗೆ ಹಲಗೆ ಇಳಿಸಬೇಕು. ಏಣೆಲು, ಅಂದರೆ ಮಳೆಗಾಲದ ಬತ್ತದ ಕೊಯ್ಲಿಗೆ ಮೊದಲೇ ಇಳಿಸಿದರೆ ಪೈರು ನಿಂತ ಗದ್ದೆಯಲ್ಲಿ ನೀರು ಕಟ್ಟುತ್ತದೆ. ತಡವಾದರೆ ಸುಗ್ಗಿ ಎಂಬ ಎರಡನೆಯ ಬೆಳೆಯೂ ಬಾವಿಯೂ ಉಪ್ಪು. ನಡುವೆ ಸಿಗುವುದು ಕೆಲವೇ ವಾರ.

ಈಚಿನ ವರ್ಷಗಳಲ್ಲಿ ಹಲಗೆ ತಡವಾಗುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ‘ದಾಖಲೆ ಎಲ್ಲಿ’ ಎಂದರೆ ಎಲ್ಲರೂ ಸುಮ್ಮನೆ. ಕೊನೆಗೆ ದಾಖಲೆ ಸಿಕ್ಕಿದ್ದು ಒಬ್ಬರು ಅಜ್ಜಿಯ ಅಡುಗೆಮನೆಯ ಗೋಡೆಯಲ್ಲಿ. ಸೊಸೈಟಿಯವರು ವರ್ಷವರ್ಷ ಕೊಡುವ ಕ್ಯಾಲೆಂಡರನ್ನು ಅವರು ಬಿಸಾಡಿದವರೇ ಅಲ್ಲ, ಒಂದರ ಮೇಲೊಂದು ಅದೇ ಮೊಳೆಗೆ ತೂಗುಹಾಕಿದ್ದಾರೆ. ಹೊಗೆ ಹಿಡಿದು ಹಳದಿಯಾದ ಹಾಳೆಗಳಲ್ಲಿ ಹಸು ಕರು ಹಾಕಿದ ದಿನ, ಗ್ಯಾಸ್ ಬಂದ ದಿನ, ಮಗಳ ಸೀಮಂತ. ಅವುಗಳ ನಡುವೆ ಪೆನ್ಸಿಲಿನಲ್ಲಿ ‘ಹಲಗೆ’ ಎಂದು ಒಂದು ಗುರುತು. ಹಳೆಯ ಕ್ಯಾಲೆಂಡರುಗಳಲ್ಲಿ ಆ ಗುರುತು ನವೆಂಬರ್ ಪುಟದಲ್ಲಿತ್ತು, ಈಚಿನವುಗಳಲ್ಲಿ ಡಿಸೆಂಬರಿನ ಕೊನೆಯ ಸಾಲಿಗೆ ಇಳಿದಿತ್ತು. ಅಷ್ಟನ್ನೂ ನೋಟುಬುಕ್ಕಿಗೆ ಇಳಿಸಿಕೊಂಡೆವು. ಈಗ ಅದಕ್ಕೆ ಹಲಗೆ ಪುಸ್ತಕ ಎಂದೇ ಹೆಸರು, ಜಾಗ ಅದೇ ಕಪಾಟಿನಲ್ಲಿ.

ವಾರ್ಡ್ ಸಭೆಗೆ ಈ ಸಲ ಜನ ಬಂದರು, ಅದಕ್ಕಿಂತ ಮುಖ್ಯವಾಗಿ ಪುಟ ಸಂಖ್ಯೆ ಹಿಡಿದುಕೊಂಡು ಬಂದರು. ಬೀಡಿಯ ಅಕ್ಕಂದಿರು ಮುಂದಿನ ಸಾಲಿನಲ್ಲೇ ಕೂತರು. ನಮ್ಮ ವಾರ್ಡಿನ ಸದಸ್ಯರಿಗೆ ಸಿಟ್ಟು ಬರಬಹುದೆಂದು ನಮಗೆ ಅಳುಕಿತ್ತು. ಅವರೋ, ‘ಇದನ್ನು ಮೊದಲೇ ಕೊಡುವುದಲ್ವಾ? ನಾನು ಬರೀ ಬಾಯಿಮಾತು ಹೇಳಿದರೆ ಮೇಲಿನವರು ಕೇಳ್ತಾರಾ’ ಎಂದು ನೋಟುಬುಕ್ಕಿನ ಜೆರಾಕ್ಸ್ ಇಸಿದುಕೊಂಡರು. ಗ್ರಾಮಸಭೆಯಲ್ಲಿ ಮಾರ್ಗದರ್ಶಿ ಅಧಿಕಾರಿಯ ಎದುರೇ ವಿಷಯ ಬಂತು. ಹಲಗೆ ಇಳಿಸುವ ದಿನವನ್ನು ರೈತರನ್ನು ಕೇಳಿ ಗೊತ್ತುಮಾಡಬೇಕು ಎಂದು ನಿರ್ಣಯವಾಯಿತು. ನಡಾವಳಿಯಲ್ಲಿ ಆ ಸಾಲು ಬರೆದದ್ದನ್ನು ಓದಿಸಿಕೊಂಡೇ ನಮ್ಮವರು ಎದ್ದರು.

ನವೆಂಬರ್

ಹಲಗೆ ಇಳಿಯಿತು. ಒಂದು ಕಿಂಡಿಯಲ್ಲಿ ಇನ್ನೂ ಸೋರುತ್ತದೆ, ಅದನ್ನೂ ಬರೆದಿಟ್ಟಿದ್ದೇವೆ.

ಮಕ್ಕಳ ಗ್ರಾಮಸಭೆಗೆ ತಯಾರಿಯೂ ವಾಚನಾಲಯದಲ್ಲೇ ನಡೆಯಿತು. ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಸ್ವಲ್ಪ ಜಂಬ ಇದ್ದರೆ ತಪ್ಪಿಲ್ಲ. 1990ರ ದಶಕದಲ್ಲೇ ಕುಂದಾಪುರದ ಕೆರಾಡಿಯಲ್ಲಿ ಮಕ್ಕಳ ಪಂಚಾಯತ್ ನಡೆದಿತ್ತು, ಇಡೀ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ಮಾಡಬೇಕೆಂಬ ಸರಕಾರಿ ಆದೇಶ ಬಂದದ್ದು ಆಮೇಲೆ. ನಮ್ಮ ಮಕ್ಕಳು ಕೇಳಿದ್ದು ಕಾಲುಸಂಕಕ್ಕೆ, ಅಂದರೆ ತೋಡು ದಾಟುವ ಕಿರುಸೇತುವೆಗೆ, ಕೈಹಿಡಿ. ‘ಅಂದಾಜುಪಟ್ಟಿ ಮಾಡಿಸುತ್ತೇವೆ’ ಎಂಬ ಉತ್ತರ ಸಿಕ್ಕಿದಾಗ ಆರನೆಯ ತರಗತಿಯ ಒಬ್ಬ, ‘ಯಾವ ತಿಂಗಳಲ್ಲಿ ಸರ್?’ ಎಂದ. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ಜಗಲಿಯಲ್ಲಿ ಕೂತು ಕೇಳಿಸಿಕೊಂಡಿರಬೇಕು.

ಮುಂದಿನದು

2020ರ ಡಿಸೆಂಬರ್ ಚುನಾವಣೆಯಲ್ಲಿ ಆರಿಸಿ ಬಂದ ಪಂಚಾಯತಿನ ಅವಧಿ ಮುಗಿದ ಮೇಲೆ ಮುಂದಿನ ಚುನಾವಣೆ. ಗ್ರಾಮ ಪಂಚಾಯತ್ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಯಾರು ಯಾವ ಪಕ್ಷ ಎಂದು ಊರಿಗೆಲ್ಲ ಗೊತ್ತು, ಆ ಮಾತು ಬೇರೆ. ವಾಚನಾಲಯದೊಳಗೆ ಪ್ರಚಾರ ಬೇಡ ಎಂಬ ನಿಯಮ ಮೊದಲಿಂದಲೂ ಉಂಟು. ಆದರೆ ನಮ್ಮ ವಾರ್ಡಿಗೆ ನಿಂತವರನ್ನೆಲ್ಲ ಒಂದೇ ಸಂಜೆ ಕರೆದು, ಕಪಾಟಿನ ಕಾಗದ ಎದುರಿಟ್ಟುಕೊಂಡು ಪ್ರಶ್ನೆ ಕೇಳಿದರೆ ಅದು ಪ್ರಚಾರವೋ ಅಲ್ಲವೋ? ಮಾಸ್ಟ್ರು ಬೇಡ ಅನ್ನುತ್ತಾರೆ, ಜಗಳ ಒಳಗೆ ಬರುತ್ತದೆಂದು ಅವರ ಹೆದರಿಕೆ. ಅಕ್ಕಂದಿರು ಬೇಕೇ ಬೇಕು ಅನ್ನುತ್ತಾರೆ. ನಾನು ಅಕ್ಕಂದಿರ ಕಡೆ. ಮಹಾಸಭೆಯಲ್ಲಿ ಮತಕ್ಕೆ ಹಾಕುವುದೆಂದಾಗಿದೆ. ಒಪ್ಪಿಗೆ ಆದರೆ ಇರುವ ಬೆಂಚು ಸಾಲದು, ಶಾಲೆಯಲ್ಲಿ ಕೇಳಿ ಎರಡು ತರಬೇಕಾದೀತು.