ತಿಂಗಳಿಗೆ ಹದಿನಾಲ್ಕೂವರೆ ಸಾವಿರ: ಕೋವಿಡ್ ಕಾಲದ ಪಿಎಚ್‌ಸಿ ಲೆಕ್ಕ

ಕೋವಿಡ್ ಹೊತ್ತಿನಲ್ಲಿ ಘೋಷಣೆಯಾದ ಸಾವಿರಾರು ಕೋಟಿಗಳು ಎಲ್ಲರಿಗೂ ನೆನಪಿವೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯಾಧಿಕಾರಿ, ಆರೋಗ್ಯ ರಕ್ಷಾ ಸಮಿತಿಯ ಒಪ್ಪಿಗೆ ಪಡೆದು ಅಲ್ಲಿಯೇ ಖರ್ಚು ಮಾಡಬಹುದಾಗಿದ್ದ ಹಣ ಎಷ್ಟು ಎಂದು ಕೇಳಿದವರು ಕಡಿಮೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಪಿಎಚ್‌ಸಿಗೆ ನಿಗದಿಯಾಗಿದ್ದ ಮುಕ್ತ ನಿಧಿ ವರ್ಷಕ್ಕೆ 1.75 ಲಕ್ಷ ರೂಪಾಯಿ. ತಿಂಗಳಿಗೆ 14,583. ಬಯಲು ಪ್ರದೇಶದಲ್ಲಿ ಒಂದು ಪಿಎಚ್‌ಸಿಗೆ 30,000 ಜನ ಎಂಬ ಮಾನದಂಡ ಹಿಡಿದರೆ, ತಲೆಗೆ ವರ್ಷಕ್ಕೆ ಆರು ರೂಪಾಯಿಯೂ ಬೀಳುವುದಿಲ್ಲ. ನಲ್ಲಿ ರಿಪೇರಿ, ಸುಣ್ಣಬಣ್ಣ, ಸ್ವಚ್ಛತೆ, ತುರ್ತು ಔಷಧಿ ಎಲ್ಲಕ್ಕೂ ಇದೇ ಹಣ. ಇದರಲ್ಲಿ ಸಂಬಳ ಕೊಡುವಂತಿಲ್ಲ, ವಾಹನ ಕೊಳ್ಳುವಂತಿಲ್ಲ.

ಈಗ ಇದನ್ನು ಆಮ್ಲಜನಕದ ಪಕ್ಕದಲ್ಲಿಟ್ಟು ನೋಡಿ. 7 ಘನ ಮೀಟರಿನ ಡಿ ಟೈಪ್ ಸಿಲಿಂಡರ್ ಎಂದರೆ ಸುಮಾರು 7,000 ಲೀಟರ್. ನಿಮಿಷಕ್ಕೆ 5 ಲೀಟರ್ ಬಿಟ್ಟರೆ 23 ಗಂಟೆ ಬರುತ್ತದೆ. ಇಬ್ಬರು ರೋಗಿಗಳಿದ್ದರೆ ದಿನಕ್ಕೆ ಎರಡು, ತಿಂಗಳಿಗೆ ಅರವತ್ತು. ತುಂಬಿಸುವ ದರದ ಮೇಲೆ ಟೆಂಪೊ ಬಾಡಿಗೆ, ಇಳಿಸುವ ಕೂಲಿ ಬೇರೆ. ಹದಿನಾಲ್ಕೂವರೆ ಸಾವಿರದಲ್ಲಿ ಇದು ಆಗುವ ಕೆಲಸವಲ್ಲ.

ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಯಂತ್ರ ಕೊಟ್ಟರೆ ಸಮಸ್ಯೆ ತೀರಿತೆಂದು ಮೇಲಿನವರು ಭಾವಿಸುವುದು ಸಹಜ. ಆದರೆ ಯಂತ್ರ ಒಂದು ಲೆಕ್ಕ ಶೀರ್ಷಿಕೆಯಲ್ಲಿ ಬರುತ್ತದೆ, ಅದನ್ನು ನಡೆಸುವ ಖರ್ಚು ಇನ್ನೊಂದರಲ್ಲಿ ಬರಬೇಕು. ಆ ಎರಡನೆಯದು ಬಹಳ ಸಲ ಬರುವುದೇ ಇಲ್ಲ. 10 ಲೀಟರಿನ ಯಂತ್ರಕ್ಕೆ ಸುಮಾರು 600 ವ್ಯಾಟ್ ಬೇಕು. ಮೂರು ಇಟ್ಟರೆ ಎರಡು ಕಿಲೊವ್ಯಾಟ್ ಹತ್ತಿರ. ಲಸಿಕೆ ಇಡುವ ಫ್ರಿಜ್ (ಐಎಲ್‌ಆರ್) ಇರುವ ಲೈನಿಗೇ ಅವನ್ನೂ ಸಿಕ್ಕಿಸಿದರೆ ವೋಲ್ಟೇಜ್ ಕುಸಿದು ಎರಡಕ್ಕೂ ಅಪಾಯ. ಪ್ರತ್ಯೇಕ ವೈರಿಂಗ್, ಸ್ಟೆಬಿಲೈಸರ್, ಜನರೇಟರಿಗೆ ಡೀಸೆಲ್, ರೋಗಿಗೊಂದು ಹೊಸ ನಾಸಿಕ ನಳಿಕೆ, ಬದಲಿ ಫಿಲ್ಟರ್: ಇವುಗಳ ಅಂದಾಜು ಪಟ್ಟಿ ಯಂತ್ರದ ಬೇಡಿಕೆಯ ಜೊತೆಯಲ್ಲೇ ಹೋಗಬೇಕು. ಹೊರಗಿನ ಫಿಲ್ಟರ್ ಧೂಳು ಕಟ್ಟಿದರೆ ಯಂತ್ರ ಬಿಸಿಯಾಗುತ್ತದೆ, ಕ್ರಮೇಣ ಆಮ್ಲಜನಕದ ಪ್ರಮಾಣವೂ ಇಳಿಯುತ್ತದೆ. ಗಾಳಿ ಬರುತ್ತಲೇ ಇರುವುದರಿಂದ ನೋಡುವವರಿಗೆ ಗೊತ್ತಾಗುವುದಿಲ್ಲ.

ದೊಡ್ಡ ಹಣ ಬಂದ ರೀತಿ ಹೀಗಿತ್ತು. 2020ರ ಏಪ್ರಿಲ್‌ನಲ್ಲಿ ಕೇಂದ್ರದ 15,000 ಕೋಟಿಯ ತುರ್ತು ಪ್ಯಾಕೇಜ್; ಅದರಲ್ಲಿ ತಕ್ಷಣದ ಖರ್ಚಿಗೆ 7,774 ಕೋಟಿ. ಎರಡನೆಯ ಪ್ಯಾಕೇಜ್ 23,123 ಕೋಟಿ, ಕೇಂದ್ರದ ಪಾಲು 15,000, ರಾಜ್ಯಗಳದ್ದು 8,123. ಪಿಎಚ್‌ಸಿ, ಉಪಕೇಂದ್ರಗಳಲ್ಲಿ ಹಾಸಿಗೆ ಹೆಚ್ಚಿಸುವ ಮಾತು ಇದ್ದದ್ದು ಇದರಲ್ಲೇ. ಆದರೆ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2021ರ ಜುಲೈ 8ರಂದು, ಎರಡನೇ ಅಲೆ ಮೇ ತಿಂಗಳಲ್ಲಿ ತುತ್ತತುದಿ ಮುಟ್ಟಿ ಇಳಿದ ಮೇಲೆ. ಖರ್ಚಿಗೆ ಗಡುವು 2022ರ ಮಾರ್ಚ್ 31.

ಅದೇ ಜುಲೈ 1ರಿಂದ ಇನ್ನೊಂದು ಬದಲಾವಣೆ ಜಾರಿಯಾಗಬೇಕಿತ್ತು. ಪ್ರತಿ ಕೇಂದ್ರ ಪ್ರಾಯೋಜಿತ ಯೋಜನೆಗೂ ರಾಜ್ಯದಲ್ಲಿ ಒಂದೇ ನೋಡಲ್ ಖಾತೆ; ಕೆಳಗಿನ ಕಚೇರಿಗಳಿಗೆ ಹಣ ಇಟ್ಟುಕೊಳ್ಳದೆ, ನಿಗದಿಯಾದ ಮಿತಿಯೊಳಗೆ ಪಾವತಿ ಮಾಡುವ ಶೂನ್ಯ ಶಿಲ್ಕಿನ ಖಾತೆ. ಹಳೆಯ ಖಾತೆಯಲ್ಲಿ ಉಳಿದ ಹಣ, ಅದರ ಬಡ್ಡಿ ವಾಪಸ್ ಹೋಗಬೇಕು. ಹಣ ಎಲ್ಲೆಲ್ಲೋ ಕೊಳೆಯದಂತೆ ತಡೆಯಲು ಇದು ಸರಿಯಾದ ಕ್ರಮವೇ. ಆದರೆ ಲಸಿಕೆಯ ಗುರಿ, ಮನೆಮನೆ ಸಮೀಕ್ಷೆಯ ಒತ್ತಡದ ನಡುವೆ ಹೊಸ ಖಾತೆ, ಹೊಸ ಮಿತಿ, ಹೊಸ ಪಾವತಿ ಕ್ರಮ ಕಲಿಯಬೇಕಾದದ್ದು ಪಿಎಚ್‌ಸಿಯ ಗುಮಾಸ್ತರೇ. ಸಾಂಕ್ರಾಮಿಕದ ನಡುವೆ ಪಾವತಿ ವ್ಯವಸ್ಥೆ ಬದಲಿಸಿದ್ದು ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂಥ ಹೊತ್ತಿನಲ್ಲಿ ಹಿಂದಿನ ಹಣ ಖರ್ಚಾಗಿದೆಯೆಂದು ತೋರಿಸುವ ಬಳಕೆ ಪ್ರಮಾಣಪತ್ರ ಬಾಕಿಯಿದೆಯೆಂದು ಮುಂದಿನ ಕಂತು ತಡೆಯುವುದೂ ಅಷ್ಟೇ ತಪ್ಪು.

ಸಂಬಳದ ಕಡೆ, ಕರ್ನಾಟಕದಲ್ಲಿ ಗುತ್ತಿಗೆ ವೈದ್ಯರ ಮಾಸಿಕ ವೇತನ 45,000 ಇದ್ದದ್ದು 60,000ಕ್ಕೆ ಏರಿದ್ದು 2020ರ ಜುಲೈನಲ್ಲಿ, ಅದೂ ಸಾಮೂಹಿಕ ರಾಜೀನಾಮೆಯ ಎಚ್ಚರಿಕೆ ಕೊಟ್ಟ ಮೇಲೆ. ಆಶಾ ಕಾರ್ಯಕರ್ತೆಯರಿಗೆ ಕೋವಿಡ್ ಕೆಲಸಕ್ಕೆಂದು ಸಿಕ್ಕ ಹೆಚ್ಚುವರಿ ಕೇಂದ್ರ ಪ್ರೋತ್ಸಾಹಧನ ತಿಂಗಳಿಗೆ 1,000.

ಇನ್ನು ಕೋವಿಡ್ ಕೆಲಸದ ಆರೋಗ್ಯ ಕಾರ್ಯಕರ್ತರಿಗೆ ಕೇಂದ್ರ ಕೊಟ್ಟ 50 ಲಕ್ಷದ ವಿಮೆ. 2020ರ ಮಾರ್ಚ್ 30ರಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಸೋಂಕಿನಿಂದ ತೀರಿಕೊಂಡವರ ಮನೆಯವರು ಪಾಸಿಟಿವ್ ವರದಿ ಮತ್ತು ಮರಣ ಪ್ರಮಾಣಪತ್ರದ ಜೊತೆಗೆ ಕೋವಿಡ್ ಕರ್ತವ್ಯಕ್ಕೆ ನಿಯೋಜಿಸಲಾಗಿತ್ತು ಎಂಬ ದೃಢೀಕರಣವನ್ನೂ ಕೊಡಬೇಕಿತ್ತು. ಎಡವಟ್ಟಾಗುತ್ತಿದ್ದದ್ದು ಈ ಕೊನೆಯದರಲ್ಲಿ. ಕ್ಲಿನಿಕ್ ಮುಚ್ಚದೆ ಜ್ವರದವರನ್ನು ನೋಡುತ್ತಲೇ ಇದ್ದ ಖಾಸಗಿ ವೈದ್ಯರ ವಿಷಯದಲ್ಲಿ, ಸರ್ಕಾರ ಅವರ ಸೇವೆಯನ್ನು ವಶಕ್ಕೆ ಪಡೆದ ಆದೇಶವಿಲ್ಲ ಎಂಬ ಕಾರಣಕ್ಕೆ ಅರ್ಜಿ ತಿರಸ್ಕಾರವಾಗಿ, ಮನೆಯವರು ಕೋರ್ಟಿಗೆ ಅಲೆಯಬೇಕಾಯಿತು. ಮುಂದೆ ಇಂಥ ಹೊತ್ತು ಬಂದರೆ, ಫೋನಿನಲ್ಲೋ ವಾಟ್ಸ್ಆ್ಯಪ್ ಗುಂಪಿನಲ್ಲೋ ಬಂದ ಸೂಚನೆಯನ್ನು ನಂಬಿ ಕೂರಬಾರದು. ಹೆಸರು, ಕೆಲಸದ ಜಾಗ, ಯಾವ ದಿನದಿಂದ ಎಂಬುದನ್ನು ಬರೆದು ಸಹಿ, ಮೊಹರು ಹಾಕಿದ ಆದೇಶವನ್ನು ಕೆಲಸ ಶುರುವಾದ ದಿನವೇ ಪಡೆಯಬೇಕು. ಒಂದು ಪ್ರತಿ ಪಿಎಚ್‌ಸಿ ಕಡತದಲ್ಲಿ, ಇನ್ನೊಂದು ಮನೆಯವರ ಕೈಯಲ್ಲಿ ಇರಬೇಕು. ಆಶಾ, ಆಂಬುಲೆನ್ಸ್ ಚಾಲಕ, ಡಿ ಗ್ರೂಪ್ ನೌಕರರಿಗೂ ಇಂಥದೇ ಆದೇಶವನ್ನು ವೈದ್ಯಾಧಿಕಾರಿ ಮರೆಯದೆ ಮಾಡಿಸಿಡಬೇಕು.